ಪ್ರಿಂಟರ್, ನಾಸ್, ಸ್ವಿಚ್‌ಗಳಿಗೆ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್: ಕೊಳ್ಳಬೇಕಾ, ಆಟೊಮೇಟ್ ಮಾಡಬೇಕಾ?

ನೆಟ್‌ವರ್ಕ್‌ನಲ್ಲಿರುವ ನಾಸ್‌ನದೋ (ಎಲ್ಲರೂ ಫೈಲ್ ಇಡುವ ಸ್ಟೋರೇಜ್ ಪೆಟ್ಟಿಗೆ) ಪ್ರಿಂಟರ್‌ನದೋ ಅಡ್ಮಿನ್ ಪೇಜ್ ತೆರೆದರೆ ಬ್ರೌಸರ್ 'ಈ ಕನೆಕ್ಷನ್ ಸುರಕ್ಷಿತವಲ್ಲ' ಅನ್ನುತ್ತದೆ. ನಾವು 'ಅಡ್ವಾನ್ಸ್ಡ್' ಒತ್ತಿ, ಕೆಳಗಿನ ಲಿಂಕ್ ಒತ್ತಿ ಒಳಗೆ ಹೋಗಿಬಿಡುತ್ತೇವೆ. ಕೈಗೆ ಅಭ್ಯಾಸ ಆಗಿಹೋಗಿದೆ. ತೊಂದರೆ ಇರುವುದು ಆ ಅಭ್ಯಾಸದಲ್ಲೇ. ಯಾರಾದರೂ ನಿಜವಾಗಿಯೂ ಮಧ್ಯೆ ಕೂತು ಪಾಸ್‌ವರ್ಡ್ ಕದಿಯುತ್ತಿದ್ದರೂ ಕಾಣಿಸುವುದು ಅದೇ ಎಚ್ಚರಿಕೆ, ನಾವು ಒತ್ತುವುದೂ ಅದೇ ಲಿಂಕ್.

ಸರಿ, ಒಳ್ಳೆ ಸರ್ಟಿಫಿಕೇಟ್ (ಈ ಹೆಸರಿನ ಡಿವೈಸ್ ಇದೇ ಅಂತ ಬ್ರೌಸರ್‌ಗೆ ತೋರಿಸುವ ಫೈಲ್) ಹಾಕೋಣ ಅಂತ ಹೊರಟರೆ ಎದುರಾಗುವ ಪ್ರಶ್ನೆ ಒಂದೇ. ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಕಡೆಯಿಂದ ಪುಕ್ಕಟೆ ವೈಲ್ಡ್‌ಕಾರ್ಡ್ (ಡೊಮೇನ್‌ನ ಕೆಳಗಿನ ಹಲವು ಹೆಸರುಗಳಿಗೆ ಒಂದೇ ಸರ್ಟಿಫಿಕೇಟ್) ತಗೊಂಡು ತಾನಾಗೇ ರಿನ್ಯೂ ಆಗುವ ಹಾಗೆ ಮಾಡಬೇಕಾ, ಇಲ್ಲ ದುಡ್ಡು ಕೊಟ್ಟು ಒಂದು ವೈಲ್ಡ್‌ಕಾರ್ಡ್ ಕೊಂಡು ಎಲ್ಲಾ ಡಿವೈಸ್‌ಗೂ ಹಾಕಿ ಕೈ ತೊಳೆದುಕೊಳ್ಳಬೇಕಾ?

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ದುಡ್ಡಿನ ಲೆಕ್ಕ ಅಲ್ಲವೇ ಅಲ್ಲ. ಸರ್ಟಿಫಿಕೇಟ್ ತರುವುದು ಎರಡು ದಾರಿಯಲ್ಲೂ ಸುಲಭ. ತಂದ ಸರ್ಟಿಫಿಕೇಟನ್ನು ಡಿವೈಸ್ ಒಳಗೆ ಯಾರು ಹಾಕುತ್ತಾರೆ, ವರ್ಷಕ್ಕೆ ಎಷ್ಟು ಸಲ ಹಾಕಬೇಕು, ಕೆಲಸ ಇರುವುದು ಅಲ್ಲಿ. ಅದನ್ನು ಯೋಚಿಸದೆ ಕೊಂಡವರೂ ಪೇಚಾಡುತ್ತಾರೆ, ಆಟೊಮೇಟ್ ಮಾಡಿದವರೂ ಪೇಚಾಡುತ್ತಾರೆ.

ಮೊದಲು ಹೆಸರು ಸರಿ ಮಾಡಿಕೊಳ್ಳಿ

192.168 ಇಂದ ಶುರುವಾಗುವ ಐಪಿಗೋ, ಕೊನೆಯಲ್ಲಿ ಡಾಟ್ ಲೋಕಲ್ ಇರುವ ಹೆಸರಿಗೋ, 'ಪ್ರಿಂಟರ್1' ಅನ್ನುವ ಬರೀ ಒಂದು ಪದಕ್ಕೋ ಯಾವ ಸಾರ್ವಜನಿಕ ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಕೂಡ ಸರ್ಟಿಫಿಕೇಟ್ ಕೊಡುವುದಿಲ್ಲ. ದುಡ್ಡು ಕೊಟ್ಟರೂ ಇಲ್ಲ. 2015ರ ನವೆಂಬರ್‌ನಿಂದ ಅಂಥ ಹೆಸರುಗಳಿಗೆ ಕೊಡುವುದು ನಿಂತಿದೆ. ಹಾಗಾಗಿ ನಿಮ್ಮದೇ ಒಂದು ಡೊಮೇನ್ ಬೇಕೇ ಬೇಕು. ಅದರ ಕೆಳಗೆ ಡಿವೈಸ್‌ಗಳಿಗೆ ಅಂತಲೇ ಒಂದು ಸಬ್‌ಡೊಮೇನ್ ಮಾಡಿ. ಉದಾಹರಣೆಗೆ ಲ್ಯಾನ್.ಎಕ್ಸಾಂಪಲ್.ಕಾಮ್. ಆಮೇಲೆ ನಾಸ್.ಲ್ಯಾನ್.ಎಕ್ಸಾಂಪಲ್.ಕಾಮ್, ಪ್ರಿಂಟರ್.ಲ್ಯಾನ್.ಎಕ್ಸಾಂಪಲ್.ಕಾಮ್ ಅಂತ ಹೆಸರಿಡಿ.

ವೈಲ್ಡ್‌ಕಾರ್ಡ್ ಒಂದೇ ಹಂತಕ್ಕೆ ಕೆಲಸ ಮಾಡುತ್ತದೆ ಅನ್ನುವುದು ತುಂಬಾ ಜನಕ್ಕೆ ಕೊಂಡ ಮೇಲೆ ಗೊತ್ತಾಗುತ್ತದೆ. *.ಎಕ್ಸಾಂಪಲ್.ಕಾಮ್ ಕೊಂಡರೆ ನಾಸ್.ಎಕ್ಸಾಂಪಲ್.ಕಾಮ್‌ಗೆ ಆಗುತ್ತದೆ, ನಾಸ್.ಲ್ಯಾನ್.ಎಕ್ಸಾಂಪಲ್.ಕಾಮ್‌ಗೆ ಆಗುವುದಿಲ್ಲ. ಬರೀ ಎಕ್ಸಾಂಪಲ್.ಕಾಮ್‌ಗೂ ಆಗುವುದಿಲ್ಲ, ಅದನ್ನು ಬೇರೆಯಾಗಿ ಸೇರಿಸಬೇಕು.

ಹೆಸರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಒಳಗಿನ ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಹಾಕುವುದು ಒಳ್ಳೆಯದು. ಹೊರಗಿನ ಡಿಎನ್‌ಎಸ್‌ನಲ್ಲೇ ಒಳಗಿನ ಐಪಿ ಹಾಕಿದರೂ ನಡೆಯುತ್ತದೆ. ಆದರೆ ಕೆಲವು ರೌಟರ್‌ಗಳಲ್ಲಿ ಡಿಎನ್‌ಎಸ್ ರೀಬೈಂಡಿಂಗ್ ತಡೆ ಇರುತ್ತದೆ. ಹೊರಗಿನಿಂದ ಬಂದ ಉತ್ತರದಲ್ಲಿ ಒಳಗಿನ ಐಪಿ ಕಂಡರೆ ಅದನ್ನು ಸುಮ್ನೆ ನುಂಗಿಬಿಡುತ್ತದೆ. 'ಹೆಸರು ಸಿಗ್ತಾ ಇಲ್ಲ' ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಅಲ್ಲಿ ನಿಮ್ಮ ಡೊಮೇನ್‌ಗೆ ವಿನಾಯಿತಿ ಕೊಟ್ಟಿದ್ದೀರಾ ನೋಡಿ.

ಕೊಂಡರೆ ಏನು ಜಾಸ್ತಿ ಸಿಗುತ್ತದೆ?

ಎನ್‌ಕ್ರಿಪ್ಶನ್ ಒಂದೇ. ಬ್ರೌಸರ್ ನಡೆದುಕೊಳ್ಳುವ ರೀತಿಯೂ ಒಂದೇ. ಕಂಪನಿ ಹೆಸರು ಪರಿಶೀಲಿಸಿ ಕೊಡುವ ಓವಿ ಸರ್ಟಿಫಿಕೇಟ್ ಕೊಂಡರೆ ಒಳಗೆಲ್ಲೋ ನಿಮ್ಮ ಸಂಸ್ಥೆಯ ಹೆಸರು ಇರುತ್ತದೆ. ಸ್ವಿಚ್‌ನ ಅಡ್ಮಿನ್ ಪೇಜಿನಲ್ಲಿ ಅದನ್ನು ಬಿಚ್ಚಿ ನೋಡುವವರು ಯಾರೂ ಇಲ್ಲ. ಇನ್ನೂ ಕಟ್ಟುನಿಟ್ಟಾಗಿ ಪರಿಶೀಲಿಸುವ ಇವಿ ದರ್ಜೆಯಲ್ಲಂತೂ ವೈಲ್ಡ್‌ಕಾರ್ಡ್‌ಗೆ ಅವಕಾಶವೇ ಇಲ್ಲ. ವಾರಂಟಿ ಅಂತ ದೊಡ್ಡ ಮೊತ್ತ ಬರೆದಿರುತ್ತಾರೆ, ನಿಮ್ಮ ಪ್ರಿಂಟರ್‌ಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಕೊಳ್ಳುವುದಕ್ಕೆ ಇದ್ದ ನಿಜವಾದ ಕಾರಣ ಒಂದೇ: ಅವಧಿ. ಒಂದು ಸಲ ಹಾಕಿದರೆ ತುಂಬಾ ದಿನ ತಲೆನೋವಿಲ್ಲ. ಆದರೆ ಆ ಅವಧಿ ಕರಗುತ್ತಾ ಬಂದಿದೆ. ಒಂದು ಕಾಲಕ್ಕೆ 5 ವರ್ಷ ಸಿಗುತ್ತಿತ್ತು. ಆಮೇಲೆ 39 ತಿಂಗಳಾಯಿತು. 2018ರಲ್ಲಿ 825 ದಿನ, 2020ರ ಸೆಪ್ಟೆಂಬರ್‌ನಿಂದ 398 ದಿನ. 2025ರ ಏಪ್ರಿಲ್‌ನಲ್ಲಿ ಸಿಎಗಳೂ ಬ್ರೌಸರ್ ಕಂಪನಿಗಳೂ ಕೂಡಿರುವ ಸಿಎ/ಬ್ರೌಸರ್ ಫೋರಂ ಮತ ಹಾಕಿ ಮುಂದಿನ ಮೆಟ್ಟಿಲುಗಳನ್ನೂ ಗೊತ್ತು ಮಾಡಿತು. 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಇದು ಪುಕ್ಕಟೆ ಸರ್ಟಿಫಿಕೇಟ್‌ಗೆ ಮಾತ್ರ ಅಲ್ಲ. ಬ್ರೌಸರ್ ನಂಬುವ ಪ್ರತಿಯೊಂದು ಸಾರ್ವಜನಿಕ ಸಿಎಗೂ ಇದೇ ನಿಯಮ.

'ಮೂರು ವರ್ಷದ ಪ್ಲಾನ್' ಅಂತ ಮಾರುತ್ತಾರಲ್ಲ, ಅದು ಮೂರು ವರ್ಷದ ಸರ್ಟಿಫಿಕೇಟ್ ಅಲ್ಲ. ಮೂರು ವರ್ಷ ಮತ್ತೆ ಮತ್ತೆ ಹೊಸದು ತೆಗೆದುಕೊಳ್ಳುವ ಹಕ್ಕು, ಅಷ್ಟೇ. ಪ್ರತಿ ಸಲವೂ ಹೊಸ ಫೈಲ್ ಬರುತ್ತದೆ, ಪ್ರತಿ ಸಲವೂ ಡಿವೈಸ್‌ಗೆ ಹಾಕಬೇಕು.

ಇನ್ನೊಂದು ಸಣ್ಣ ಅಕ್ಷರದ ವಿಷಯ ಇದೆ. ಡೊಮೇನ್ ನಿಮ್ಮದೇ ಅಂತ ಒಮ್ಮೆ ತೋರಿಸಿದ್ದನ್ನು ಸಿಎ ಎಷ್ಟು ದಿನ ಮತ್ತೆ ಬಳಸಬಹುದು ಅನ್ನುವುದೂ ಕಮ್ಮಿಯಾಗುತ್ತಿದೆ. 2029ರಲ್ಲಿ ಅದು 10 ದಿನಕ್ಕೆ ಇಳಿಯುತ್ತದೆ. ಅಂದರೆ ಕೊಂಡ ಸರ್ಟಿಫಿಕೇಟ್‌ಗೂ ಹೆಚ್ಚುಕಡಿಮೆ ಪ್ರತಿ ಸಲ ಡಿಎನ್‌ಎಸ್‌ನಲ್ಲಿ ರೆಕಾರ್ಡ್ ಬದಲಾಯಿಸುವ ಕೆಲಸ ಬರುತ್ತದೆ.

ಲೆಕ್ಕ ಹಾಕಿ ನೋಡಿ. 20 ಡಿವೈಸ್ ಇವೆ ಅಂದುಕೊಳ್ಳಿ. 398 ದಿನ ಇದ್ದಾಗ ವರ್ಷಕ್ಕೆ 20 ಸಲ ಅಪ್‌ಲೋಡ್, ಅರ್ಧ ದಿನದ ಕೆಲಸ. 47 ದಿನಕ್ಕೆ ಬಂದಾಗ ವರ್ಷಕ್ಕೆ ಎಂಟು ಸುತ್ತು, 160 ಅಪ್‌ಲೋಡ್. ಕೊನೆ ದಿನದವರೆಗೆ ಯಾರೂ ಕಾಯುವುದಿಲ್ಲ, ಹಾಗಾಗಿ ನಿಜದಲ್ಲಿ ತಿಂಗಳಿಗೊಂದು ಸುತ್ತು ಅಂತಲೇ ಇಟ್ಟುಕೊಳ್ಳಿ. ಇಷ್ಟನ್ನು ಕೈಯಲ್ಲೇ ಮಾಡುತ್ತೇನೆ ಅನ್ನುವವರು ಎರಡನೇ ವರ್ಷಕ್ಕೆ ಮತ್ತೆ 'ಅಡ್ವಾನ್ಸ್ಡ್' ಒತ್ತುವುದಕ್ಕೇ ಮರಳುತ್ತಾರೆ.

ಡಿವೈಸ್‌ಗಳನ್ನು ಮೂರು ಗುಂಪು ಮಾಡಿ

ತೀರ್ಮಾನಕ್ಕೆ ಮೊದಲು ಒಂದು ಪಟ್ಟಿ ಬೇಕು. ಹೆಸರು, ಮಾಡೆಲ್, ಫರ್ಮ್‌ವೇರ್ ವರ್ಶನ್, ಸರ್ಟಿಫಿಕೇಟ್ ಹೇಗೆ ಹಾಕಬಹುದು. ಕೊನೆಯ ಕಾಲಂ ತುಂಬಲು ಪ್ರತಿಯೊಂದರ ಅಡ್ಮಿನ್ ಪೇಜಿಗೂ ಹೋಗಿ ನೋಡಬೇಕಾಗುತ್ತದೆ. ಬೇಜಾರಿನ ಕೆಲಸ, ಆದರೆ ಉಳಿದದ್ದೆಲ್ಲಾ ಇದರ ಮೇಲೇ ನಿಂತಿದೆ.

ಮೊದಲ ಗುಂಪು, ಆಕ್ಮಿ ಪ್ರೊಟೊಕಾಲ್ (ಸರ್ಟಿಫಿಕೇಟನ್ನು ತಾನಾಗೇ ತರಿಸಿ ರಿನ್ಯೂ ಮಾಡುವ ವಿಧಾನ) ತಾವೇ ಬಲ್ಲವು. ವರ್ಚುವಲ್ ಮಷಿನ್ ನಡೆಸುವ ಪ್ರಾಕ್ಸ್‌ಮಾಕ್ಸ್ ವಿಇಯಲ್ಲಿ ಡಿಎನ್‌ಎಸ್ ಪ್ಲಗಿನ್ ಸಮೇತ ಇದೆ. ಫೈರ್‌ವಾಲ್ ಸಾಫ್ಟ್‌ವೇರ್ ಪಿಎಫ್‌ಸೆನ್ಸ್‌ಗೆ ಆಕ್ಮಿ ಪ್ಯಾಕೇಜ್ ಇದೆ, ಓಪಿಎನ್‌ಸೆನ್ಸ್‌ಗೂ ಇದೆ. ಇವಕ್ಕೆ ವೈಲ್ಡ್‌ಕಾರ್ಡ್ ಕೂಡ ಬೇಕಾಗಿಲ್ಲ, ತಮ್ಮ ಹೆಸರಿಗೆ ತಾವೇ ತಂದುಕೊಳ್ಳುತ್ತವೆ. ಸಿನಾಲಜಿ ನಾಸ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಒಳಗೇ ಇದೆ. ಆದರೆ ಅದರ ಮೆನುವಿನಿಂದ ವೈಲ್ಡ್‌ಕಾರ್ಡ್ ಸಿಗುವುದು ಅವರದೇ ಡಿಡಿಎನ್‌ಎಸ್ (ಬದಲಾಗುವ ಐಪಿಗೆ ಕೊಡುವ) ಹೆಸರಿಗೆ ಮಾತ್ರ. ನಿಮ್ಮ ಸ್ವಂತ ಡೊಮೇನ್‌ನ ವೈಲ್ಡ್‌ಕಾರ್ಡ್ ಬೇಕಾದರೆ ಅದು ಎರಡನೇ ಗುಂಪಿಗೆ ಬೀಳುತ್ತದೆ.

ಎರಡನೇ ಗುಂಪು, ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಅಥವಾ ಎಪಿಐ (ಪ್ರೋಗ್ರಾಂಗಳು ಮಾತಾಡುವ ದಾರಿ) ಮೂಲಕ ಹೊರಗಿನಿಂದ ಸರ್ಟಿಫಿಕೇಟ್ ತಳ್ಳಬಹುದಾದವು. ಮೈಕ್ರೊಟಿಕ್ ರೌಟರ್, ಡೆಲ್ ಸರ್ವರ್‌ನ ರಿಮೋಟ್ ನಿರ್ವಹಣೆಯ ಐಡ್ರ್ಯಾಕ್, ಟ್ರೂನಾಸ್ ಇಂಥವು. ಆಕ್ಮಿ ಡಾಟ್ ಎಸ್‌ಎಚ್ ಅನ್ನುವ ಸ್ಕ್ರಿಪ್ಟ್ ಜೊತೆಗೆ ಇಂಥ ಹಲವಕ್ಕೆ ಡಿಪ್ಲಾಯ್ ಹುಕ್‌ಗಳು, ಅಂದರೆ ಡಿವೈಸ್‌ಗೆ ತಳ್ಳುವ ಸಿದ್ಧ ತುಣುಕುಗಳು, ಬರುತ್ತವೆ. ನೀವು ಬರೆಯುವುದಕ್ಕೆ ಮೊದಲು ಅಲ್ಲಿ ಇದೆಯಾ ನೋಡಿ.

ಮೂರನೇ ಗುಂಪೇ ಕಾಟ ಕೊಡುವುದು. ವೆಬ್ ಪೇಜಿನಲ್ಲಿ ಕೂತು ಫೈಲ್ ಆರಿಸಿ ಅಪ್‌ಲೋಡ್ ಮಾಡುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲದವು. ಹೆಚ್ಚಿನ ಪ್ರಿಂಟರ್‌ಗಳು, ಕ್ಯಾಮೆರಾಗಳು, ಯುಪಿಎಸ್‌ನ ನೆಟ್‌ವರ್ಕ್ ಕಾರ್ಡ್‌ಗಳು, ಹಳೆ ಸ್ವಿಚ್‌ಗಳು. ನಿಮ್ಮ ಪಟ್ಟಿಯಲ್ಲಿ ಈ ಗುಂಪು ಎಷ್ಟು ಉದ್ದ ಇದೆ ಅನ್ನುವುದರ ಮೇಲೆ ಕೊಳ್ಳುವುದೋ ಬೇಡವೋ ನಿಂತಿದೆ.

ಆಟೊಮೇಟ್ ಮಾಡುವ ದಾರಿ

ಲೆಟ್ಸ್ ಎನ್‌ಕ್ರಿಪ್ಟ್ 2018ರ ಮಾರ್ಚ್‌ನಿಂದ ವೈಲ್ಡ್‌ಕಾರ್ಡ್ ಕೊಡುತ್ತಿದೆ. ಅದಕ್ಕೆ ಡಿಎನ್‌ಎಸ್-01 ಅನ್ನುವ ಪರೀಕ್ಷೆ ಪಾಸಾಗಬೇಕು. ಸಿಎ ಒಂದು ಟೋಕನ್ ಕೊಡುತ್ತದೆ. ಅದರಿಂದ ಬರುವ ಮೌಲ್ಯವನ್ನು ಅಂಡರ್‌ಸ್ಕೋರ್ ಆಕ್ಮಿ-ಚಾಲೆಂಜ್ ಅನ್ನುವ ಹೆಸರಿನಲ್ಲಿ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ (ಪಠ್ಯದ) ರೆಕಾರ್ಡ್ ಆಗಿ ಹಾಕಬೇಕು. ಸಿಎ ನೋಡಿ ಹೋಗುತ್ತದೆ, ಸರ್ಟಿಫಿಕೇಟ್ ಬರುತ್ತದೆ. ಇದರ ಚಂದ ಏನಂದರೆ ನಿಮ್ಮ ನಾಸ್ ಆಗಲಿ ಸ್ವಿಚ್ ಆಗಲಿ ಇಂಟರ್ನೆಟ್‌ಗೆ ಮುಖ ತೋರಿಸಬೇಕಾಗಿಲ್ಲ. ಒಂದು ಪೋರ್ಟ್ ಕೂಡ ತೆರೆಯಬೇಡಿ.

ಹೀಗೆ ಮಾಡಿ. ಒಂದು ಸಣ್ಣ ಲಿನಕ್ಸ್ ಮಷಿನ್ ಇದಕ್ಕೆ ಅಂತಲೇ ಇಡಿ, ವರ್ಚುವಲ್ ಆದರೂ ಸಾಕು. ಅದರಲ್ಲಿ ಸರ್ಟ್‌ಬಾಟ್, ಲೆಗೋ, ಆಕ್ಮಿ ಡಾಟ್ ಎಸ್‌ಎಚ್ ಅನ್ನುವ ಆಕ್ಮಿ ಕ್ಲೈಂಟ್‌ಗಳಲ್ಲಿ ಯಾವುದಾದರೂ ಒಂದು ಹಾಕಿ. ಡಿವೈಸ್‌ಗೆ ತಳ್ಳುವ ಕೆಲಸವೇ ಮುಖ್ಯವಾದ್ದರಿಂದ ನಾನು ಆಕ್ಮಿ ಡಾಟ್ ಎಸ್‌ಎಚ್ ಕಡೆಗೇ ವಾಲುತ್ತೇನೆ. ನಿಮ್ಮ ಡಿಎನ್‌ಎಸ್ ಕೊಡುವವರ ಎಪಿಐ ಟೋಕನ್ ಅದಕ್ಕೆ ಕೊಡಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಟೋಕನ್‌ಗೆ ಇಡೀ ಡೊಮೇನ್ ಬದಲಾಯಿಸುವ ಅಧಿಕಾರ ಇದ್ದರೆ, ಆ ಸಣ್ಣ ಮಷಿನ್‌ಗೆ ಕನ್ನ ಹಾಕಿದವನು ನಿಮ್ಮ ಮೇಲ್ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಬದಲಾಯಿಸಬಲ್ಲ. ಇದಕ್ಕೊಂದು ಒಳ್ಳೆ ಉಪಾಯ ಇದೆ, ಯಾಕೋ ಜನ ಜಾಸ್ತಿ ಬಳಸುವುದಿಲ್ಲ. ಅಂಡರ್‌ಸ್ಕೋರ್ ಆಕ್ಮಿ-ಚಾಲೆಂಜ್.ಲ್ಯಾನ್.ಎಕ್ಸಾಂಪಲ್.ಕಾಮ್ ಅನ್ನುವ ಒಂದೇ ಒಂದು ಹೆಸರನ್ನು ಸಿನೇಮ್ (ಇನ್ನೊಂದು ಹೆಸರಿಗೆ ಕಳಿಸುವ ಡಿಎನ್‌ಎಸ್ ರೆಕಾರ್ಡ್) ಮಾಡಿ ಬೇರೊಂದು ಡೊಮೇನ್‌ಗೆ ತಿರುಗಿಸಿಬಿಡಿ. ಆ ಬೇರೆ ಡೊಮೇನ್‌ನಲ್ಲಿ ಬೇರೇನೂ ಇರಬಾರದು. ಸಿಎ ಸಿನೇಮ್ ಹಿಡಿದುಕೊಂಡು ಅಲ್ಲಿಗೇ ಹೋಗಿ ನೋಡುತ್ತದೆ. ಟೋಕನ್ ಆ ಖಾಲಿ ಡೊಮೇನ್‌ಗೆ ಮಾತ್ರ. ಕದ್ದವನು ಡಿವೈಸ್‌ಗಳ ಸರ್ಟಿಫಿಕೇಟ್ ತೆಗೆಸಿಕೊಳ್ಳಬಹುದೇ ಹೊರತು ನಿಮ್ಮ ಮೇಲ್ ಮುಟ್ಟಲು ಆಗುವುದಿಲ್ಲ. ಮುಖ್ಯ ಡೊಮೇನ್‌ನ ಡಿಎನ್‌ಎಸ್‌ಗೆ ಎಪಿಐಯೇ ಇಲ್ಲ ಅನ್ನುವವರಿಗೂ ಇದೇ ದಾರಿ, ಯಾಕಂದ್ರೆ ಸಿನೇಮ್ ಒಂದು ಸಲ ಕೈಯಲ್ಲಿ ಹಾಕಿದರೆ ಮುಗಿಯಿತು. ಈ ಕೆಲಸಕ್ಕಾಗಿಯೇ ಆಕ್ಮಿ-ಡಿಎನ್‌ಎಸ್ ಅನ್ನುವ ಪುಟ್ಟ ಸರ್ವರ್ ಕೂಡ ಇದೆ.

ಮೊದಲ ಪ್ರಯೋಗ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ (ಪ್ರಯೋಗದ) ಸರ್ವರ್ ಮೇಲೆ ಮಾಡಿ. ನಿಜವಾದ ಸರ್ವರ್‌ನಲ್ಲಿ ಅದೇ ಹೆಸರುಗಳ ಗುಂಪಿಗೆ ವಾರಕ್ಕೆ 5 ಸರ್ಟಿಫಿಕೇಟ್ ಅನ್ನುವ ಮಿತಿ ಇದೆ. ಸ್ಕ್ರಿಪ್ಟ್ ತಿದ್ದುತ್ತಾ ತಿದ್ದುತ್ತಾ ಆ ಐದು ಮುಗಿಸಿಕೊಂಡರೆ ಸುಮ್ನೆ ಕಾಯಬೇಕು.

ಕೀ, ಅಂದರೆ ಸರ್ಟಿಫಿಕೇಟ್ ಜೊತೆ ಇರುವ ಗುಟ್ಟಿನ ಫೈಲ್, ಅದರ ಬಗ್ಗೆ ಒಂದು ಮಾತು. ಈಗಿನ ಕ್ಲೈಂಟ್‌ಗಳು ಕೇಳದೇ ಇಸಿಡಿಎಸ್‌ಎ ಅನ್ನುವ ಹೊಸ ಬಗೆಯ ಕೀ ಮಾಡುತ್ತವೆ. ಬ್ರೌಸರ್‌ಗೆ ಅದು ಚೆನ್ನ, ಹಳೆ ಡಿವೈಸ್‌ಗೆ ಅರ್ಥವಾಗುವುದಿಲ್ಲ. ಡಿವೈಸ್‌ಗಳಿಗಾಗಿ ಆರ್‌ಎಸ್‌ಎ 2048 ಅಂತ ಬಾಯಿಬಿಟ್ಟು ಕೇಳಿ. 4096 ಬೇಡ, ಪ್ರಿಂಟರ್‌ನ ಪುಟಾಣಿ ಪ್ರೊಸೆಸರ್ ಪ್ರತಿ ಕನೆಕ್ಷನ್‌ಗೂ ಏದುಸಿರು ಬಿಡುತ್ತದೆ.

ರಿನ್ಯೂ ಎಷ್ಟು ದಿನಕ್ಕೆ? 90 ದಿನದ ಸರ್ಟಿಫಿಕೇಟ್ ಅಂತ '60 ದಿನಕ್ಕೊಮ್ಮೆ' ಅಂತ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಲಿನಕ್ಸ್ ಸಾಧನ) ಬರೆದಿಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ 2028ರ ಹೊತ್ತಿಗೆ 45 ದಿನಕ್ಕೆ ಇಳಿಸುವುದಾಗಿ ಹೇಳಿದೆ. ಆಗ ನಿಮ್ಮ ಸ್ಕ್ರಿಪ್ಟ್ ತಡವಾಗಿ ಏಳುತ್ತದೆ. ಕ್ಲೈಂಟ್ ದಿನಾ ಓಡಲಿ, ಬೇಕಾ ಬೇಡವಾ ಅದೇ ನೋಡಿಕೊಳ್ಳಲಿ.

ಆದರೆ ಡಿವೈಸ್‌ಗೆ ತಳ್ಳುವುದು ಮಾತ್ರ ದಿನಾ ಬೇಡ. ಹೊಸ ಸರ್ಟಿಫಿಕೇಟ್‌ನ ಫಿಂಗರ್‌ಪ್ರಿಂಟ್ (ಗುರುತಿನ ಸಂಖ್ಯೆ) ಈಗ ಡಿವೈಸ್ ತೋರಿಸುತ್ತಿರುವುದಕ್ಕಿಂತ ಬೇರೆ ಇದ್ದರೆ ಮಾತ್ರ ತಳ್ಳಿ. ಎಷ್ಟೋ ಡಿವೈಸ್‌ಗಳು ಅಪ್‌ಲೋಡ್ ಆದ ಕೂಡಲೇ ವೆಬ್ ಸರ್ವರನ್ನೋ, ಕೆಲವೊಮ್ಮೆ ತಮ್ಮನ್ನೇ ಪೂರ್ತಿ ರೀಸ್ಟಾರ್ಟ್ ಮಾಡಿಕೊಳ್ಳುತ್ತವೆ. ಮಧ್ಯಾಹ್ನ ಎಲ್ಲರೂ ಪ್ರಿಂಟ್ ತೆಗೆಯುವಾಗ ಅದು ಆಗಬಾರದು ಅಲ್ವಾ. ತಳ್ಳಿದ ಮೇಲೆ ಮತ್ತೆ ಕನೆಕ್ಟ್ ಆಗಿ ಹೊಸದೇ ಬಂದಿದೆಯಾ ನೋಡುವ ಸಾಲನ್ನೂ ಅದೇ ಸ್ಕ್ರಿಪ್ಟ್‌ನಲ್ಲಿ ಸೇರಿಸಿ. 'ಅಪ್‌ಲೋಡ್ ಸಕ್ಸಸ್' ಅಂತ ಹೇಳಿ ಹಳೆಯದನ್ನೇ ತೋರಿಸುತ್ತಾ ಕೂರುವ ಡಿವೈಸ್‌ಗಳಿಗೆ ಬರ ಇಲ್ಲ.

ಪ್ರಿಂಟರ್ ಯಾಕೆ ಒಪ್ಪುವುದಿಲ್ಲ

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕಂದ್ರೆ ಜನ ಬಿಟ್ಟು ಎದ್ದು ಹೋಗುವುದು ಇಲ್ಲಿಯೇ. ಪ್ರಿಂಟರ್‌ನ ಅಡ್ಮಿನ್ ಪೇಜ್ ತೆರೆದು ಸೆಕ್ಯೂರಿಟಿ ಟ್ಯಾಬ್‌ಗೆ ಹೋಗಿ, ಸರ್ಟಿಫಿಕೇಟ್ಸ್ ಒತ್ತಿ, ಇಂಪೋರ್ಟ್ ಆರಿಸುತ್ತೀರಿ. ಅದು ಪಿಎಫ್‌ಎಕ್ಸ್ ಫೈಲ್ (ಕೀ, ಸರ್ಟಿಫಿಕೇಟ್ ಎರಡನ್ನೂ ಮುಚ್ಚಿಟ್ಟ ಒಂದೇ ಫೈಲ್) ಮತ್ತು ಪಾಸ್‌ವರ್ಡ್ ಕೇಳುತ್ತದೆ. ನೀವು ಓಪನ್‌ಎಸ್‌ಎಸ್‌ಎಲ್ ಅನ್ನುವ ಸಾಧನದಲ್ಲಿ ಕೀ, ಸರ್ಟಿಫಿಕೇಟ್ ಸೇರಿಸಿ ಪಿಎಫ್‌ಎಕ್ಸ್ ಮಾಡಿ ಕೊಡುತ್ತೀರಿ. 'ಪಾಸ್‌ವರ್ಡ್ ತಪ್ಪು' ಅನ್ನುತ್ತದೆ. ಪಾಸ್‌ವರ್ಡ್ ಸರಿಯಾಗೇ ಇದೆ. ಇನ್ನೊಮ್ಮೆ ಮಾಡಿದರೂ ಅದೇ.

ಕಾರಣ ಪಾಸ್‌ವರ್ಡ್ ಅಲ್ಲ. ಓಪನ್‌ಎಸ್‌ಎಸ್‌ಎಲ್ 3ರಿಂದ ಪಿಎಫ್‌ಎಕ್ಸ್ ಫೈಲನ್ನು ಎಇಎಸ್-256ರಲ್ಲಿ ಮುಚ್ಚುತ್ತದೆ. ಹಳೆ ಫರ್ಮ್‌ವೇರ್‌ಗೆ ಗೊತ್ತಿರುವುದು ಟ್ರಿಪಲ್ ಡಿಇಎಸ್‌ನಂಥ ಹಳೆ ವಿಧಾನ ಮಾತ್ರ. ಬಿಚ್ಚಲು ಆಗದಿದ್ದಾಗ ಅದಕ್ಕೆ ತೋಚುವ ಒಂದೇ ಉತ್ತರ 'ಪಾಸ್‌ವರ್ಡ್ ತಪ್ಪು'. ಪಿಎಫ್‌ಎಕ್ಸ್ ಮಾಡುವಾಗ 'ಲೆಗಸಿ' ಅನ್ನುವ ಆಯ್ಕೆ ಸೇರಿಸಿ, ಅದೇ ಪ್ರಿಂಟರ್ ಮಾತಿಲ್ಲದೆ ತೆಗೆದುಕೊಳ್ಳುತ್ತದೆ. ಪಾಸ್‌ವರ್ಡ್ ಖಾಲಿ ಬಿಡಬೇಡಿ, ವಿಚಿತ್ರ ಚಿಹ್ನೆಗಳನ್ನೂ ಹಾಕಬೇಡಿ. ಮಧ್ಯಂತರ ಸರ್ಟಿಫಿಕೇಟ್ (ನಿಮ್ಮದನ್ನು ಸಿಎಯ ಮೂಲ ಸರ್ಟಿಫಿಕೇಟ್‌ಗೆ ಜೋಡಿಸುವುದು) ಕೂಡ ಒಳಗೇ ಸೇರಿಸಿ. ಇಲ್ಲದಿದ್ದರೆ ಕಂಪ್ಯೂಟರ್‌ನಲ್ಲಿ ಸರಿ ಕಂಡದ್ದು ಫೋನಿನಲ್ಲಿ ಎಚ್ಚರಿಕೆ ತೋರಿಸಬಹುದು.

ಇದು ಕೊಂಡ ಸರ್ಟಿಫಿಕೇಟ್‌ಗೂ ಹೀಗೇ ಇರುತ್ತದೆ. ದುಡ್ಡು ಕೊಟ್ಟ ಮಾತ್ರಕ್ಕೆ ಪ್ರಿಂಟರ್ ಮೆತ್ತಗಾಗುವುದಿಲ್ಲ.

ಮೂರನೇ ಗುಂಪನ್ನು ಏನು ಮಾಡುವುದು

ನನಗೆ ತುಂಬಾ ಇಷ್ಟವಾದ ದಾರಿ, ಅವಕ್ಕೆ ಸರ್ಟಿಫಿಕೇಟ್ ಹಾಕುವುದನ್ನೇ ಬಿಟ್ಟುಬಿಡುವುದು. ಮುಂದೆ ಒಂದು ರಿವರ್ಸ್ ಪ್ರಾಕ್ಸಿ (ಬ್ರೌಸರ್‌ಗೂ ಡಿವೈಸ್‌ಗೂ ಮಧ್ಯೆ ನಿಲ್ಲುವ ಸರ್ವರ್) ಇಡಿ. ಕ್ಯಾಡಿ ಇರಲಿ, ಟ್ರೇಫಿಕ್ ಇರಲಿ, ಎಂಜಿನ್‌ಎಕ್ಸ್ ಇರಲಿ. ವೈಲ್ಡ್‌ಕಾರ್ಡ್ ಅದೊಂದರಲ್ಲೇ ಇರುತ್ತದೆ, ಅದೇ ರಿನ್ಯೂ ಮಾಡಿಕೊಳ್ಳುತ್ತದೆ. ಯುಪಿಎಸ್.ಲ್ಯಾನ್.ಎಕ್ಸಾಂಪಲ್.ಕಾಮ್ ಅಂದರೆ ಪ್ರಾಕ್ಸಿಗೆ ಬರುತ್ತದೆ, ಅದು ಹಿಂದಿನ ಯುಪಿಎಸ್ ಕಾರ್ಡ್ ಜೊತೆ ಅದರ ಹಳೆ ಸರ್ಟಿಫಿಕೇಟ್‌ನಲ್ಲೇ ಮಾತಾಡುತ್ತದೆ. ಡಿವೈಸ್‌ಗಳನ್ನು ಬೇರೆ ವಿಲ್ಯಾನ್‌ನಲ್ಲಿ (ಬೇರ್ಪಡಿಸಿದ ಒಳ ನೆಟ್‌ವರ್ಕ್) ಇಟ್ಟು, ಅವುಗಳ ವೆಬ್ ಪೇಜಿಗೆ ಪ್ರಾಕ್ಸಿಯಿಂದ ಮಾತ್ರ ಹೋಗಬಹುದು ಅಂತ ಫೈರ್‌ವಾಲ್‌ನಲ್ಲಿ ಹೇಳಿಬಿಡಿ. ಹಳೆ ಟಿಎಲ್‌ಎಸ್ (ಎನ್‌ಕ್ರಿಪ್ಶನ್ ಪ್ರೊಟೊಕಾಲ್) ಮಾತ್ರ ಬಲ್ಲ, ಬ್ರೌಸರ್ ಬಾಗಿಲಲ್ಲೇ ತಡೆಯುವ ಹಳೆ ಸ್ವಿಚ್‌ಗಳೂ ಹೀಗೆ ಮತ್ತೆ ಕೈಗೆ ಸಿಗುತ್ತವೆ.

ಎಲ್ಲದಕ್ಕೂ ಆಗುವುದಿಲ್ಲ. ಪ್ರಿಂಟ್ ಕಳಿಸುವ ಪೋರ್ಟ್‌ಗಳು, ಕ್ಯಾಮೆರಾದ ವಿಡಿಯೊ, ಸರ್ವರ್ ಕನ್ಸೋಲ್‌ನ ರಿಮೋಟ್ ಸ್ಕ್ರೀನ್ ಇವೆಲ್ಲಾ ಪ್ರಾಕ್ಸಿ ಮೂಲಕ ಸಲೀಸಾಗಿ ಹೋಗದೇ ಇರಬಹುದು. ಆದರೆ ಬ್ರೌಸರ್‌ನಲ್ಲಿ ತೆರೆಯುವ ಪೇಜಿಗೆ ಇದಕ್ಕಿಂತ ಕಮ್ಮಿ ಕೆಲಸದ ದಾರಿ ನನಗೆ ಗೊತ್ತಿಲ್ಲ.

ಒಂದೇ ಕೀ ಎಲ್ಲ ಕಡೆ ಇಡುವುದರ ಅಪಾಯ

ವೈಲ್ಡ್‌ಕಾರ್ಡ್ ಕೊಂಡವರು ಸಾಮಾನ್ಯವಾಗಿ ಮಾಡುವುದೇನು? ಅದೇ ಫೈಲು, ಅದೇ ಪ್ರೈವೇಟ್ ಕೀ, ಎಲ್ಲಾ ಡಿವೈಸ್‌ಗೂ. ಈಗ ಕೀಯ ಭದ್ರತೆ ನಿಮ್ಮ ಅತ್ಯಂತ ದುರ್ಬಲ ಡಿವೈಸ್‌ನಷ್ಟೇ. ಫರ್ಮ್‌ವೇರ್ ಅಪ್‌ಡೇಟ್ ನಿಂತುಹೋದ ಒಂದು ಕ್ಯಾಮೆರಾದಿಂದ ಕೀ ಹೊರಬಿದ್ದರೆ, ಅದು ಇಟ್ಟುಕೊಂಡವನು ಆ ಡೊಮೇನ್‌ನ ಯಾವ ಹೆಸರಿನಲ್ಲಿ ಬೇಕಾದರೂ ನಟಿಸಬಹುದು. ಕೀ ಹೊರಬಿದ್ದಿದೆ ಅಂತ ಗೊತ್ತಾದರೆ ಸಿಎ 24 ಗಂಟೆಯೊಳಗೆ ಸರ್ಟಿಫಿಕೇಟ್ ರದ್ದು ಮಾಡಬೇಕು ಅನ್ನುವುದು ನಿಯಮ. ಅಷ್ಟರಲ್ಲಿ ನೀವು 20 ಡಿವೈಸ್‌ಗೂ ಹೊಸದು ಹಾಕಿರಬೇಕು. ಕೈಯಲ್ಲಿ ಮಾಡುವವರಿಗೆ ಆ ರಾತ್ರಿ ನಿದ್ದೆ ಇಲ್ಲ. ಅಮೆರಿಕದ ಭದ್ರತಾ ಸಂಸ್ಥೆ ಎನ್‌ಎಸ್‌ಎ 2021ರ ಅಕ್ಟೋಬರ್‌ನಲ್ಲಿ ವೈಲ್ಡ್‌ಕಾರ್ಡ್‌ಗಳನ್ನು ಬೇಕಾಬಿಟ್ಟಿ ಹರಡಬೇಡಿ ಅಂತ ಎಚ್ಚರಿಸಿದ್ದೂ ಇಂಥ ಕಾರಣಗಳಿಗೇ.

ಹಾಗಾಗಿ ಮುಖ್ಯ ವೆಬ್‌ಸೈಟಿನ *.ಎಕ್ಸಾಂಪಲ್.ಕಾಮ್ ಅನ್ನು ಯಾವ ಕಾರಣಕ್ಕೂ ಪ್ರಿಂಟರ್‌ಗೆ ಹಾಕಬೇಡಿ. ಡಿವೈಸ್‌ಗಳಿಗೆ *.ಲ್ಯಾನ್.ಎಕ್ಸಾಂಪಲ್.ಕಾಮ್ ಬೇರೆಯೇ ಇರಲಿ. ಮೊದಲೇ ಸಬ್‌ಡೊಮೇನ್ ಮಾಡಿ ಅಂದದ್ದು ಇದಕ್ಕೇ. ಇನ್ನೂ ಒಳ್ಳೆಯದು ಅಂದರೆ, ಆಟೊಮೇಟ್ ಆದ ಮೇಲೆ ವೈಲ್ಡ್‌ಕಾರ್ಡ್ ಪ್ರಾಕ್ಸಿಗೆ ಮಾತ್ರ ಇಟ್ಟುಕೊಂಡು, ಮೊದಲೆರಡು ಗುಂಪಿನ ಡಿವೈಸ್‌ಗಳಿಗೆ ಒಂದೊಂದಕ್ಕೂ ಅದರದೇ ಹೆಸರಿನ ಸರ್ಟಿಫಿಕೇಟ್ ಕೊಡುವುದು. ಪುಕ್ಕಟೆ ಸಿಗುವಾಗ ಹಂಚಿಕೊಳ್ಳುವ ದರ್ದೇನು?

ವೈಲ್ಡ್‌ಕಾರ್ಡ್ ಪರವಾಗಿ ಒಂದು ನ್ಯಾಯವಾದ ಮಾತೂ ಇದೆ. ಸಾರ್ವಜನಿಕ ಸಿಎಗಳು ಕೊಡುವ ಸರ್ಟಿಫಿಕೇಟ್‌ಗಳು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್‌ಗಳಲ್ಲಿ ದಾಖಲಾಗುತ್ತವೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಒಂದೊಂದಕ್ಕೂ ಬೇರೆ ಬೇರೆ ತೆಗೆದರೆ 'ಬ್ಯಾಕಪ್-ನಾಸ್', 'ಗೇಟ್-ಕ್ಯಾಮೆರಾ' ಅನ್ನುವ ಹೆಸರುಗಳೆಲ್ಲಾ ಲೋಕಕ್ಕೆ ತಿಳಿಯುತ್ತವೆ. ವೈಲ್ಡ್‌ಕಾರ್ಡ್‌ನಲ್ಲಿ ಕಾಣುವುದು ನಕ್ಷತ್ರ ಮಾತ್ರ. ಹೆಸರು ಬಚ್ಚಿಟ್ಟರೆ ಭದ್ರತೆ ಬಂದುಬಿಡುವುದಿಲ್ಲ, ಆದರೂ ಹೇಳಿಕೊಂಡು ತಿರುಗುವುದೂ ಬೇಡ.

ಸ್ವಂತ ಸಿಎ

ಈ ಎರಡರ ಜಗಳದಲ್ಲಿ ಮೂರನೆಯದನ್ನು ಜನ ಮರೆಯುತ್ತಾರೆ. ಡಿವೈಸ್‌ಗಳನ್ನು ತೆರೆಯುವ ಕಂಪ್ಯೂಟರ್‌ಗಳೆಲ್ಲಾ ನಿಮ್ಮ ಕೈಯಲ್ಲೇ ಇದ್ದರೆ, ಸ್ಟೆಪ್-ಸಿಎ ಥರದ್ದು ಹಾಕಿ ನಿಮ್ಮದೇ ಸಿಎ ನಡೆಸಬಹುದು. 200 ದಿನ, 47 ದಿನದ ನಿಯಮ ಇದಕ್ಕೆ ತಾಗುವುದಿಲ್ಲ. ಒಳಗಿನ ಐಪಿಗೂ ಸರ್ಟಿಫಿಕೇಟ್ ಕೊಡಬಹುದು, ಲಾಗ್‌ನಲ್ಲಿ ಹೆಸರು ಬರುವುದಿಲ್ಲ. ಆಪಲ್ ಉಪಕರಣಗಳು ಮಾತ್ರ ಸ್ವಂತ ಸಿಎ ಆದರೂ 825 ದಿನಕ್ಕಿಂತ ಜಾಸ್ತಿ ಇದ್ದರೆ ಒಪ್ಪುವುದಿಲ್ಲ. ಅಷ್ಟು ಇಟ್ಟರೂ ಪ್ರಿಂಟರ್‌ಗೆ ಎರಡು ವರ್ಷಕ್ಕೊಮ್ಮೆ ಹೋದರೆ ಸಾಕು. ಕೈಯಲ್ಲೇ ಹಾಕಬೇಕಾದ ಡಿವೈಸ್ ಜಾಸ್ತಿ ಇರುವವರಿಗೆ ಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಕಷ್ಟ ಇರುವುದು ಆ ಸಿಎಯ ರೂಟ್ (ಮೂಲ) ಸರ್ಟಿಫಿಕೇಟನ್ನು ಪ್ರತಿ ಕಂಪ್ಯೂಟರ್‌ಗೂ ಫೋನ್‌ಗೂ ಹಾಕುವುದರಲ್ಲಿ. ಎಲ್ಲಾ ಕಂಪ್ಯೂಟರ್, ಫೋನ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಗ್ರೂಪ್ ಪಾಲಿಸಿಯೋ ಎಂಡಿಎಂಓ ಇದ್ದರೆ ಒಂದು ಕ್ಲಿಕ್. ಎಲ್ಲರೂ ತಮ್ಮ ತಮ್ಮ ಫೋನ್ ತರುವ ಕಡೆ ಇದರ ಸಹವಾಸ ಬೇಡ. ರೂಟ್‌ನ ಕೀ ಕಳೆದರೆ ಆಗುವ ಅನಾಹುತವೂ ವೈಲ್ಡ್‌ಕಾರ್ಡ್‌ಗಿಂತ ದೊಡ್ಡದು, ಅದನ್ನು ನೆಟ್‌ವರ್ಕ್‌ನಿಂದ ಹೊರಗೆ ಇಡಿ. ಡಿವೈಸ್‌ನ ಸರ್ಟಿಫಿಕೇಟನ್ನೇ ವೈಫೈ ಅಥವಾ 802.1ಎಕ್ಸ್ (ನೆಟ್‌ವರ್ಕ್‌ಗೆ ಸೇರುವ) ಲಾಗಿನ್‌ಗೂ ಬಳಸುವವರಿಗೆ ಹೇಗಿದ್ದರೂ ಸ್ವಂತ ಸಿಎಯೇ ಗತಿ. ಸಾರ್ವಜನಿಕ ಸಿಎಗಳು ಕ್ಲೈಂಟ್ ದೃಢೀಕರಣದ ಅನುಮತಿಯನ್ನು ತಮ್ಮ ಸರ್ಟಿಫಿಕೇಟ್‌ಗಳಿಂದ ತೆಗೆಯುತ್ತಿವೆ.

ಹಾಗಾದರೆ ಕೊಳ್ಳುವುದು ಯಾವಾಗ?

ಎರಡೋ ಮೂರೋ ಡಿವೈಸ್ ಇದ್ದು, ಅವೂ ವರ್ಷದೊಳಗೆ ಮೂಲೆ ಸೇರುವವಾಗಿದ್ದರೆ ಕೊಂಡು ಹಾಕಿ. ಅದಕ್ಕೆಲ್ಲಾ ಸ್ಕ್ರಿಪ್ಟ್ ಬರೆಯುವುದು ದಂಡ. ಸಂಸ್ಥೆಯ ನಿಯಮ ಇಂಥ ಸಿಎ ಅಂತಲೇ ಹೇಳಿದ್ದರೆ, ಇಲ್ಲವೇ ತೊಂದರೆ ಬಂದಾಗ ಫೋನ್ ಎತ್ತುವವರು ಬೇಕು ಅಂದರೆ ಕೊಳ್ಳಿ. ಆದರೆ ಆಗಲೂ ಆಕ್ಮಿ ಇರುವವರ ಹತ್ತಿರವೇ ಕೊಳ್ಳಿ. ಕೊಂಡದ್ದು ಅಂದರೆ ಕೈಯಲ್ಲಿ ಹಾಕಬೇಕಾದದ್ದು ಅಂತ ಏನೂ ಇಲ್ಲ. ಡಿಜಿಸರ್ಟ್, ಸೆಕ್ಟಿಗೊ ಥರದ ದೊಡ್ಡ ಸಿಎಗಳೂ ಆಕ್ಮಿ ಕೊಡುತ್ತವೆ. ಕ್ಲೈಂಟ್‌ಗೆ ಅವರು ಕೊಟ್ಟ ಖಾತೆಯ ಗುರುತು ಮತ್ತು ಕೀ ಸೇರಿಸಿದರೆ ಮೇಲೆ ಹೇಳಿದ ವ್ಯವಸ್ಥೆ ಹಾಗೇ ನಡೆಯುತ್ತದೆ.

ಕೊಳ್ಳುವಾಗ ಕೆಲವು ಕೇಳಿಕೊಳ್ಳಿ. ರೀಇಶ್ಯೂ ಎಷ್ಟು ಸಲ ಬೇಕಾದರೂ ಮಾಡಬಹುದಾ? ಎಷ್ಟು ಸರ್ವರ್‌ಗೆ ಹಾಕಬಹುದು ಅನ್ನುವ ಮಿತಿ ಇದೆಯಾ? ನಕ್ಷತ್ರ ಇಲ್ಲದ ಬರೀ ಡೊಮೇನ್ ಹೆಸರೂ ಸೇರುತ್ತದಾ? ಮಾರುವವರ ವೆಬ್ ಪೇಜಿನಲ್ಲಿ 'ನಿಮ್ಮ ಕೀ ನಾವೇ ಮಾಡಿಕೊಡುತ್ತೇವೆ' ಅಂತ ಬಟನ್ ಇದ್ದರೆ ಒತ್ತಬೇಡಿ. ಕೀ ಮತ್ತು ಸಿಎಸ್‌ಆರ್ (ಸರ್ಟಿಫಿಕೇಟ್ ಕೋರುವ ಫೈಲ್) ನಿಮ್ಮ ಮಷಿನ್‌ನಲ್ಲೇ ಹುಟ್ಟಬೇಕು. ವೆಬ್‌ಸೈಟಿನಲ್ಲಿ ಫೈಲ್ ಇಟ್ಟು ಡೊಮೇನ್ ತೋರಿಸುವ ವಿಧಾನ ವೈಲ್ಡ್‌ಕಾರ್ಡ್‌ಗೆ 2021ರ ಡಿಸೆಂಬರ್‌ನಿಂದ ನಡೆಯುವುದಿಲ್ಲ, ಡಿಎನ್‌ಎಸ್ ಮುಟ್ಟುವವರು ಯಾರು ಅಂತ ಮೊದಲೇ ಹಿಡಿದಿಟ್ಟುಕೊಳ್ಳಿ. ಡೊಮೇನ್‌ನಲ್ಲಿ ಸಿಎಎ ರೆಕಾರ್ಡ್ (ಯಾವ ಸಿಎ ಸರ್ಟಿಫಿಕೇಟ್ ಕೊಡಬಹುದು ಅನ್ನುವ ಪಟ್ಟಿ) ಇದ್ದರೆ ಈ ಸಿಎ ಹೆಸರು ಅದರಲ್ಲಿ ಇರಬೇಕು. ವೈಲ್ಡ್‌ಕಾರ್ಡ್‌ಗೆ ಅಂತ 'ಇಶ್ಯೂವೈಲ್ಡ್' ಸಾಲು ಬೇರೆ ಇರಬಹುದು, ಅದನ್ನೂ ನೋಡಿ.

ಹಾಕಿದ ಮೇಲೆ

ಕಾವಲು ಇಡಿ. ಲೆಟ್ಸ್ ಎನ್‌ಕ್ರಿಪ್ಟ್ 'ನಿಮ್ಮ ಸರ್ಟಿಫಿಕೇಟ್ ಮುಗಿಯುತ್ತಿದೆ' ಅಂತ ಕಳಿಸುತ್ತಿದ್ದ ಈಮೇಲ್ 2025ರ ಜೂನ್‌ನಲ್ಲಿ ನಿಂತಿದೆ. ಅಪ್‌ಟೈಮ್ ಕುಮಾ ಅನ್ನುವ ಕಾವಲು ಸಾಫ್ಟ್‌ವೇರ್ ಆದರೂ ಸಾಕು. ಡಿಸ್ಕ್‌ನಲ್ಲಿರುವ ಫೈಲಿನ ದಿನಾಂಕ ನೋಡಿ ಸಮಾಧಾನ ಪಡಬೇಡಿ, ಡಿವೈಸ್ ನಿಜವಾಗಿ ಏನು ತೋರಿಸುತ್ತಿದೆ ಅನ್ನುವುದನ್ನು ನೆಟ್‌ವರ್ಕ್ ಮೂಲಕವೇ ಪರೀಕ್ಷಿಸಬೇಕು.

ಮುಖ್ಯ ಡೊಮೇನ್‌ನಲ್ಲಿ ಎಚ್‌ಎಸ್‌ಟಿಎಸ್ (ಸುರಕ್ಷಿತ ಕನೆಕ್ಷನ್ ಮಾತ್ರ ಅಂತ ಬ್ರೌಸರ್‌ಗೆ ಹೇಳುವ ಸೂಚನೆ) ಅನ್ನು ಸಬ್‌ಡೊಮೇನ್ ಸಮೇತ ಹಾಕಿದ್ದರೆ ಇನ್ನೂ ಹುಷಾರು. ಆಗ ಸರ್ಟಿಫಿಕೇಟ್ ಅವಧಿ ಮುಗಿದ ಡಿವೈಸ್‌ಗೆ ಬ್ರೌಸರ್ ಆ 'ಅಡ್ವಾನ್ಸ್ಡ್' ದಾರಿಯನ್ನೂ ಕೊಡುವುದಿಲ್ಲ, ಐಪಿ ಹಾಕಿ ಹೋಗಬೇಕಾಗುತ್ತದೆ. ಆ ಐಪಿಗಳು ಪಟ್ಟಿಯಲ್ಲಿ ಇರಲಿ.

ಹೊಸ ಸರ್ಟಿಫಿಕೇಟ್ ಹಾಕಿದರೂ ಡಿವೈಸ್ ಗೊಣಗಿದರೆ ಮೊದಲು ಅದರ ಗಡಿಯಾರ ನೋಡಿ. ಬ್ಯಾಟರಿ ಸತ್ತ ಡಿವೈಸ್ ಕರೆಂಟ್ ಹೋಗಿ ಬಂದಾಗ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, 'ಈ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ' ಅನ್ನುತ್ತದೆ. ಎನ್‌ಟಿಪಿ (ಸಮಯ ಹೇಳುವ) ಸರ್ವರ್ ಕೊಟ್ಟರೆ ಸರಿಹೋಗುತ್ತದೆ. ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೂ ಒಮ್ಮೆ ನೋಡಿ. ಕೆಲವು ಡಿವೈಸ್‌ಗಳು ಕೇಳದೇ ತಮ್ಮ ಹಳೆ ಸೆಲ್ಫ್‌-ಸೈನ್ಡ್ ಸರ್ಟಿಫಿಕೇಟ್‌ಗೆ ವಾಪಸ್ ಹೋಗಿಬಿಡುತ್ತವೆ. ನಿಮ್ಮ ಸ್ಕ್ರಿಪ್ಟ್ ಫಿಂಗರ್‌ಪ್ರಿಂಟ್ ಹೋಲಿಸಿ ನೋಡುವಂತಿದ್ದರೆ ಅದೇ ಮತ್ತೆ ತಳ್ಳುತ್ತದೆ, ಕೊನೆ ದಿನಾಂಕ ಮಾತ್ರ ನೋಡುವಂತಿದ್ದರೆ ತಳ್ಳುವುದಿಲ್ಲ.